ಸುರಂಗದ ನೀರು, ಟಾಂಕಿಯ ಲೆಕ್ಕ: ಮಾಡೆಲಿಂಗ್, ಸಿಮ್ಯುಲೇಶನ್, ಕಂಟ್ರೋಲ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯ ನಮ್ಮ ಮನೆಯ ಜಗಲಿಯಲ್ಲಿ ಆದಿತ್ಯವಾರ ಕೆಲವು ಮಕ್ಕಳು ಸೇರುತ್ತಾರೆ. ಹೆಚ್ಚಿನವರು ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಈಗ ಎಂಜಿನಿಯರಿಂಗಿನಲ್ಲೋ ಡಿಪ್ಲೊಮಾದಲ್ಲೋ ಕಂಟ್ರೋಲ್ ಸಿಸ್ಟಮ್ಸ್ ಎಂಬ ಪೇಪರಿನ ಎದುರು ಕಣ್ಣುಬಿಟ್ಟು ಕುಳಿತವರು. ಅವರು ಕೇಳಿದ್ದು, ಪತ್ರದಲ್ಲಿ ಬಂದದ್ದು, ನೀರಿನ ವಿಷಯ ಎಂದು ತಿಳಿದು ನೆರೆಕರೆಯ ಕೃಷಿಕರು ಬಂದು ವಿಚಾರಿಸಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಶುರುವಿನಲ್ಲಿ

ಸರ್, ಮಾಡೆಲ್ ಅಂದ್ರೆ ಎಂತದು? ವಿಜ್ಞಾನ ಮೇಳಕ್ಕೆ ಥರ್ಮೋಕೋಲಿನಲ್ಲಿ ಮಾಡ್ತೇವಲ್ಲ, ಅದಾ?

ಅದಲ್ಲ. ಇಲ್ಲಿ ಮಾಡೆಲ್ ಎಂದರೆ ಒಂದು ಜಮಾಖರ್ಚಿನ ಪುಸ್ತಕ. ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಎಷ್ಟು ಉಳಿಯಿತು. ಟಾಂಕಿಯಾದರೆ ನೀರಿನ ಲೆಕ್ಕ, ಇಸ್ತ್ರಿಪೆಟ್ಟಿಗೆಯಾದರೆ ಶಾಖದ ಲೆಕ್ಕ, ಬಸ್ಸಾದರೆ ವೇಗದ ಲೆಕ್ಕ. ಆ ಪುಸ್ತಕವನ್ನು ಗಣಿತದಲ್ಲಿ ಬರೆದರೆ ಮಾಡೆಲ್. ಇವತ್ತಿನ ಬಾಕಿಯಿಂದ ನಾಳೆಯ ಬಾಕಿ, ನಾಳೆಯದರಿಂದ ನಾಡಿದ್ದಿನದು ಎಂದು ಪುಟ ಪುಟವಾಗಿ ಮುಂದೆ ಬರೆಯುತ್ತಾ ಹೋದರೆ ಸಿಮ್ಯುಲೇಶನ್. ಬಾಕಿ ನಮಗೆ ಬೇಕಾದಲ್ಲಿ ನಿಲ್ಲುವ ಹಾಗೆ ಅಳೆದು ಅಳೆದು ತಿದ್ದುತ್ತಾ ಇದ್ದರೆ ಕಂಟ್ರೋಲ್. ಅಂಗಡಿ ಲೆಕ್ಕ ಬರೆದು ಗೊತ್ತಿರುವವನಿಗೆ ಅರ್ಧ ಪಾಠ ಆಗಿದೆ.

"ಡೈನಾಮಿಕ್" ಅಂತ ಯಾಕೆ ಸೇರಿಸ್ತಾರೆ? ಓಡುವ ವಸ್ತುವಿಗೆ ಮಾತ್ರವಾ?

ಓಡಬೇಕೆಂದಿಲ್ಲ, ನೆನಪು ಇರಬೇಕು. ಎಲ್‌ಇಡಿ ಬಲ್ಬಿನ ಸ್ವಿಚ್ಚು ಒತ್ತಿದರೆ ಬೆಳಕು, ಬಿಟ್ಟರೆ ಕತ್ತಲೆ. ನಿನ್ನೆ ಎಷ್ಟು ಹೊತ್ತು ಉರಿದಿತ್ತು ಎಂಬುದು ಅದಕ್ಕೆ ಬೇಕಾಗಿಲ್ಲ. ಬಚ್ಚಲಿನ ಹಂಡೆ ಹಾಗಲ್ಲ. ಈಗ ಒಲೆಯಲ್ಲಿ ಎಷ್ಟು ಬೆಂಕಿ ಉಂಟು ಎಂದು ನೋಡಿದರೆ ನೀರು ಎಷ್ಟು ಬಿಸಿ ಎಂದು ಹೇಳಲು ಬರುವುದಿಲ್ಲ. ಬೆಳಗ್ಗಿನಿಂದ ಏನಾಯಿತು ಎಂಬುದು ಬೇಕು. ಆ ಹಿಂದಿನ ಕತೆಯನ್ನೆಲ್ಲ ಒಂದೇ ಸಂಖ್ಯೆಯಲ್ಲಿ, ಅಂದರೆ ಈ ಕ್ಷಣದ ಉಷ್ಣತೆಯಲ್ಲಿ, ಕಟ್ಟಿಡಬಹುದು. ಅದಕ್ಕೆ 'ಸ್ಥಿತಿ' ಎನ್ನುತ್ತಾರೆ. ಹಂಡೆಗೆ ಒಂದು ಸ್ಥಿತಿ ಸಾಕು. ಉಯ್ಯಾಲೆಗೆ ಎರಡು ಬೇಕು: ಎಲ್ಲಿ ಉಂಟು, ಎಷ್ಟು ವೇಗದಲ್ಲಿ ಉಂಟು. ಯಾವ ಯಂತ್ರ ಕಂಡರೂ ಮೊದಲು ಕೇಳಬೇಕಾದದ್ದು ಇದನ್ನೇ: ಇದರ ಹೊಟ್ಟೆಯಲ್ಲಿ ಎಂತದು ತುಂಬಿಕೊಳ್ಳುತ್ತದೆ?

ನಾನು ಕನ್ನಡ ಮೀಡಿಯಂ. ಕ್ಲಾಸಿನಲ್ಲಿ ಇಂಗ್ಲಿಷ್, ಗೆಳೆಯರು ಮಲಯಾಳ. ಇದು ನನ್ನ ತಲೆಗೆ ಹೋದೀತಾ?

ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಪಂಚಾಯತು ಆಫೀಸಿನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ನಮ್ಮ ಕಾಸರಗೋಡಿನ ಮಗು ಒಂದೇ ವಿಷಯವನ್ನು ನಾಲ್ಕು ಬಗೆಯಲ್ಲಿ ಹೇಳಿ ಅಭ್ಯಾಸ ಉಳ್ಳದ್ದು. ಈ ವಿದ್ಯೆಯಲ್ಲಿಯೂ ಒಂದೇ ವ್ಯವಸ್ಥೆಯನ್ನು ಸಮೀಕರಣದಲ್ಲಿ, ಚಿತ್ರದಲ್ಲಿ, ಗ್ರಾಫಿನಲ್ಲಿ, ಕೋಡಿನಲ್ಲಿ ಹೇಳಬೇಕು. ಹಾಗಾಗಿ ನಿನಗೆ ನಷ್ಟ ಏನಿಲ್ಲ. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೋ, ಪರೀಕ್ಷೆಗೆ ಬೇಕು. ಆದರೆ ಟಾಂಕಿಯಲ್ಲಿ ನೀರು ಯಾಕೆ ಇಳಿಯಿತು ಎಂಬುದನ್ನು ಅಮ್ಮನಿಗೆ ಮನೆಮಾತಿನಲ್ಲಿ ವಿವರಿಸಲು ಆಗದಿದ್ದರೆ ಅದು ಇನ್ನೂ ಅರ್ಥವಾಗಿಲ್ಲ ಎಂದು ತಿಳಿದುಕೋ.

ಎಷ್ಟು ಗಣಿತ ಬೇಕು?

ಪ್ಲಸ್ ಟುವಿನ ಕ್ಯಾಲ್ಕುಲಸ್ ಗಟ್ಟಿ ಇದ್ದರೆ ಶುರು ಮಾಡಬಹುದು. 'ಬದಲಾಗುವ ದರ' ಎಂಬುದು ಮನಸ್ಸಿನಲ್ಲಿ ನೆಟ್ಟಗೆ ಕೂತಿರಬೇಕು. ಆಮೇಲೆ ಮ್ಯಾಟ್ರಿಕ್ಸ್, ಕಾಂಪ್ಲೆಕ್ಸ್ ಸಂಖ್ಯೆ. ಎಲ್ಲ ಗಣಿತ ಮುಗಿಸಿ ಬರುತ್ತೇನೆ ಎಂದು ಹೋದವರು ಯಾರೂ ವಾಪಸು ಬಂದದ್ದನ್ನು ನಾನು ಕಂಡಿಲ್ಲ.

ಯಾವ ಸಾಫ್ಟ್‌ವೇರ್ ಕಲಿಯಲಿ? ಮ್ಯಾಟ್‌ಲ್ಯಾಬಿಗೆ ಹಾಕ್ಲಿಕ್ಕೆ ದುಡ್ಡಿಲ್ಲ.

ಕಾಲೇಜಿನಲ್ಲಿ ಮ್ಯಾಟ್‌ಲ್ಯಾಬ್, ಸಿಮ್ಯುಲಿಂಕ್ ಇದ್ದರೆ ಅಲ್ಲಿ ಉಪಯೋಗಿಸಿ, ಕಂಪೆನಿಗಳಲ್ಲಿ ಅದೇ ಹೆಚ್ಚು. ಮನೆಯಲ್ಲಿ ಬಿಟ್ಟಿಯಾಗಿ ಸಿಗುವುದು ಧಾರಾಳ ಉಂಟು. ಆಕ್ಟೇವ್ ಭಾಷೆ ಹೆಚ್ಚುಕಡಿಮೆ ಮ್ಯಾಟ್‌ಲ್ಯಾಬಿನದ್ದೇ. ಚೌಕಗಳನ್ನು ಗೆರೆಯಲ್ಲಿ ಜೋಡಿಸುವ ಕೆಲಸಕ್ಕೆ ಸೈಲ್ಯಾಬಿನ ಒಳಗೆ ಎಕ್ಸ್‌ಕಾಸ್ ಉಂಟು. ಪೈಥಾನ್ ಗೊತ್ತಿದ್ದರೆ ನಮ್‌ಪೈ, ಸೈಪೈ ಸಾಕು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಪಾಠಗಳು ಕನ್ನಡ ದನಿಯಲ್ಲಿಯೂ ಸಿಗುತ್ತವೆ. ನನ್ನ ಜಗಲಿಯಲ್ಲಿ ಮಾತ್ರ ಮೊದಲ ಎರಡು ವಾರ ಕಂಪ್ಯೂಟರ್ ತೆರೆಯುವುದಿಲ್ಲ. ಒಂದು ಬಕೆಟ್, ಒಂದು ವಾಚು, ಒಂದು ಸ್ಕೇಲು. ಮೊದಲು ಅಳತೆ, ಆಮೇಲೆ ಕೈಲೆಕ್ಕ, ಕೊನೆಗೆ ಸಾಫ್ಟ್‌ವೇರ್.

## ಟಾಂಕಿಯಿಂದ ಉಯ್ಯಾಲೆಗೆ

ಮೊದಲ ಮಾಡೆಲ್ ಯಾವುದು ಮಾಡ್ಲಿ? ಪುಸ್ತಕದಲ್ಲಿ ಸ್ಪ್ರಿಂಗು, ರೆಸಿಸ್ಟರು ಕೊಟ್ಟಿದ್ದಾರೆ, ನೋಡಿದ್ರೆ ಬೋರು.

ಮನೆಯ ಹಿಂದೆ ನೋಡು. ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ ಉಂಟು. ಒಳಗೆ ಒಸರುವ ನೀರು ಪಂಪಿಲ್ಲದೆ ತನ್ನಷ್ಟಕ್ಕೆ ಹೊರಗೆ ಬಂದು, ದಂಬೆಯಲ್ಲಿ (ನೀರು ಹರಿಸುವ ಅಡಿಕೆ ಮರದ ಸೀಳು) ಹರಿದು ಟಾಂಕಿಗೆ ಬೀಳುತ್ತದೆ. ಟಾಂಕಿಯ ಬುಡದ ತೂತಿನಿಂದ ತೋಟಕ್ಕೆ ಹೋಗುತ್ತದೆ. ಇಡೀ ಪಠ್ಯಪುಸ್ತಕ ಅಲ್ಲೇ ಉಂಟು.

ದಂಬೆಯ ಕೆಳಗೆ ಬಕೆಟ್ ಹಿಡಿ. 10 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಒಳಹರಿವು ನಿಮಿಷಕ್ಕೆ 10 ಲೀಟರ್. ಟಾಂಕಿ 2 ಮೀಟರ್ ಉದ್ದ, 2 ಮೀಟರ್ ಅಗಲ ಎಂದಿಟ್ಟುಕೊಳ್ಳೋಣ. ಅಂದರೆ ಒಂದು ಮೀಟರ್ ಎತ್ತರದ ನೀರಿಗೆ 4000 ಲೀಟರ್. ಈಗ ಹೊರಹರಿವು. ಅದು ಎತ್ತರಕ್ಕೆ ನೇರ ಅನುಪಾತದಲ್ಲಿ ಇಲ್ಲ. ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂದು 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ತೋರಿಸಿಕೊಟ್ಟ. ನೀರು 1 ಮೀಟರ್ ಇದ್ದಾಗ ನಿಮಿಷಕ್ಕೆ 20 ಲೀಟರ್ ಹೋಗುತ್ತದೆ ಎಂದು ಅಳೆದೆವು ಎನ್ನಿ. ಆಗ ಯಾವ ಎತ್ತರಕ್ಕೂ ಹೊರಹರಿವು = 20 × √ಎತ್ತರ. (ತೂತಿಗೆ ಉದ್ದದ ಪೈಪು ಸಿಕ್ಕಿಸಿದ್ದರೆ ಪೈಪಿನ ಉಜ್ಜಾಟದಿಂದ ಈ ಸೂತ್ರ ಸ್ವಲ್ಪ ಕೆಡುತ್ತದೆ. ಮೊದಲ ದಿನ ಅದನ್ನು ಮರೆತುಬಿಡಿ.)

ಮಾಡೆಲ್ ಇಷ್ಟೇ: ನೀರಿನ ಎತ್ತರ ಬದಲಾಗುವ ದರ = (10 − 20 × √ಎತ್ತರ) ÷ 4000. ಉತ್ತರ ನಿಮಿಷಕ್ಕೆ ಇಷ್ಟು ಮೀಟರ್ ಎಂದು ಬರುತ್ತದೆ.

ಇನ್ನು ಓಡಿಸುವ ಮೊದಲು ಊಹಿಸು. ನೀರು ಎಲ್ಲಿ ನಿಲ್ಲುತ್ತದೆ? ಒಳಗೆ ಬರುವಷ್ಟೇ ಹೊರಗೆ ಹೋಗುವಲ್ಲಿ. 20 × √ಎತ್ತರ = 10 ಆಗಬೇಕಾದರೆ ವರ್ಗಮೂಲ ಅರ್ಧ, ಎತ್ತರ ಕಾಲು ಮೀಟರ್, 25 ಸೆಂಟಿಮೀಟರ್. ಬೇಸಗೆಯಲ್ಲಿ ಸುರಂಗದ ನೀರು ಅರ್ಧಕ್ಕೆ ಇಳಿದು ನಿಮಿಷಕ್ಕೆ 5 ಲೀಟರ್ ಆಯಿತು. ಹನ್ನೆರಡೂವರೆ ಸೆಂಟಿಮೀಟರ್ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಮಾಡಿ ನೋಡಿದರೆ 6.25. ಒಳಹರಿವು ಅರ್ಧವಾದರೆ ಎತ್ತರ ಕಾಲು ಪಾಲಾಗುತ್ತದೆ. ಏಪ್ರಿಲಿನಲ್ಲಿ ಟಾಂಕಿ ಇದ್ದಕ್ಕಿದ್ದ ಹಾಗೆ ತಳ ಕಾಣುವುದು ಯಾಕೆಂದು ಹಿರಿಯರಿಗೆ ಅನುಭವದಿಂದ ಗೊತ್ತು. ನಾನ್‌ಲೀನಿಯರ್ ಎಂದು ಪುಸ್ತಕ ಹೆದರಿಸುವುದು ಇದನ್ನೇ.

ಕಂಪ್ಯೂಟರ್ ಇಲ್ಲದೆ ಸಿಮ್ಯುಲೇಶನ್ ಮಾಡ್ಲಿಕ್ಕೆ ಆಗ್ತದಾ?

ಆಗುತ್ತದೆ, ಒಮ್ಮೆ ಮಾಡಲೇಬೇಕು. ಮೇಲಿನ ಟಾಂಕಿಯಲ್ಲಿ ನೀರು 1 ಮೀಟರಿನಿಂದ ಶುರುವಾಗಲಿ, ಹತ್ತು ಹತ್ತು ನಿಮಿಷದ ಹೆಜ್ಜೆ ಇಡೋಣ. ಈಗ 10 ಬರುತ್ತದೆ, 20 ಹೋಗುತ್ತದೆ. ನಿಮಿಷಕ್ಕೆ 10 ಲೀಟರ್ ನಷ್ಟ. ಹತ್ತು ನಿಮಿಷಕ್ಕೆ 100 ಲೀಟರ್, ಅಂದರೆ ಎರಡೂವರೆ ಸೆಂಟಿಮೀಟರ್. ಹೊಸ ಎತ್ತರ 0.975. ಈ ಎತ್ತರದಲ್ಲಿ ಹೊರಹರಿವು 19.75, ನಷ್ಟ 9.75, ಹತ್ತು ನಿಮಿಷಕ್ಕೆ 97.5 ಲೀಟರ್. ಹೊಸ ಎತ್ತರ 0.9506. ಹೀಗೆ ಹತ್ತು ಸಾಲು ಬರೆದವನಿಗೆ ಆಯ್ಲರ್ ವಿಧಾನ ಗೊತ್ತಾಯಿತು. ಕಂಪ್ಯೂಟರ್ ಮಾಡುವುದೂ ಇದನ್ನೇ, ಅದಕ್ಕೆ ಬೇಸರ ಬರುವುದಿಲ್ಲ ಅಷ್ಟೆ. ಪೂರ್ತಿ ಓಡಿಸಿದರೆ ಅರ್ಧ ಮೀಟರಿಗೆ ಇಳಿಯಲು ಸುಮಾರು 5 ಗಂಟೆ, 30 ಸೆಂಟಿಮೀಟರಿಗೆ ಬರಲು ಸುಮಾರು 11 ಗಂಟೆ ಬೇಕು. ಕೊನೆಕೊನೆಗೆ ಆಮೆನಡೆ.

ಮಾಷ್ಟ್ರೇ, ಟಾಂಕಿ ದೊಡ್ಡದು ಕಟ್ಟಿಸಿದ್ರೆ ನೀರು ಮೇಲೆ ನಿಲ್ತದಲ್ಲ?

ಇಲ್ಲ, ಅಣ್ಣಾ. ತೂತು ಅದೇ, ಸುರಂಗ ಅದೇ ಆದರೆ ನೀರು ನಿಲ್ಲುವ ಎತ್ತರವೂ ಅದೇ 25 ಸೆಂಟಿಮೀಟರ್. ಸೂತ್ರದಲ್ಲಿ ನೋಡಿ, ಸಮತೋಲಕ್ಕೆ 4000 ಎಂಬ ಸಂಖ್ಯೆ ಬೇಕಾಗಲೇ ಇಲ್ಲ. ಅಗಲ ಹೆಚ್ಚಾದ್ದರಿಂದ ಒಟ್ಟು ಲೀಟರು ಹೆಚ್ಚಾಗುತ್ತದೆ, ಇಳಿಯುವುದು ನಿಧಾನವಾಗುತ್ತದೆ. ಎತ್ತರ ಬೇಕಾದರೆ ತೂತಿಗೆ ಅರ್ಧ ಗೇಟು ಹಾಕಿ. ಸಿಮೆಂಟಿನ ದುಡ್ಡು ಉಳಿಯಿತು.

ಟೈಮ್ ಕಾನ್‌ಸ್ಟಂಟ್ ಅಂದ್ರೆ 63 ಶೇಕಡಾ ಅಂತ ಬಾಯಿಪಾಠ ಮಾಡಿದ್ದೇನೆ. ಅದರಿಂದ ಎಂತ ಪ್ರಯೋಜನ?

ಎಷ್ಟು ಹೊತ್ತು ಕಾಯಬೇಕು ಎಂದು ಹೇಳುತ್ತದೆ. ನಮ್ಮ ಟಾಂಕಿ 25 ಸೆಂಟಿಮೀಟರಿನಲ್ಲಿ ನಿಂತಿರುವಾಗ ಮೇಲಿಂದ ಎರಡು ಕೊಡ ನೀರು ಸುರಿದರೆ, ಆ ಹೆಚ್ಚುವರಿಯಲ್ಲಿ 63 ಪಾಲು ಇಳಿದು ಹೋಗಲು ಬೇಕಾದ ಹೊತ್ತೇ ಟೈಮ್ ಕಾನ್‌ಸ್ಟಂಟ್. ಆ ಎತ್ತರದ ಆಸುಪಾಸಿನಲ್ಲಿ, ನೀರು ಒಂದು ಮೀಟರ್ ಏರಿದರೆ ಹೊರಹರಿವು ನಿಮಿಷಕ್ಕೆ 20 ಲೀಟರ್ ಏರುವ ದರ ಉಂಟು (ವರ್ಗಮೂಲದ ಡೆರಿವೇಟಿವ್ ತೆಗೆದರೆ ಬರುತ್ತದೆ). 4000 ÷ 20 = 200 ನಿಮಿಷ. ನಾಲ್ಕು ಟೈಮ್ ಕಾನ್‌ಸ್ಟಂಟ್ ಕಳೆದರೆ 98 ಪಾಲು ಮುಗಿಯುತ್ತದೆ, ಸುಮಾರು 13 ಗಂಟೆ. ಆದ್ದರಿಂದ ಬೆಳಗ್ಗೆ ಗೇಟು ತಿರುಗಿಸಿ ಮಧ್ಯಾಹ್ನ ಬಂದು 'ಸರಿಯಾಗಲಿಲ್ಲ' ಎಂದು ಪುನಃ ತಿರುಗಿಸಬಾರದು.

ನನ್ನ ಗ್ರಾಫ್ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಬರ್ತದೆ. ಟಾಂಕಿಯಲ್ಲಿ ಹಾಗೆ ಆಗ್ತದಾ?

ಆಗುವುದಿಲ್ಲ. ಒಂದೇ ಸ್ಥಿತಿ ಇರುವ ಇಂಥ ಟಾಂಕಿ ತನ್ನಷ್ಟಕ್ಕೆ ತೂಗಾಡಲಾರದು. ತೂಗಾಡುತ್ತಿರುವುದು ನಿನ್ನ ಹೆಜ್ಜೆ. ಆಯ್ಲರ್ ವಿಧಾನದಲ್ಲಿ ಹೆಜ್ಜೆಯು ಟೈಮ್ ಕಾನ್‌ಸ್ಟಂಟಿಗಿಂತ ದೊಡ್ಡದಾದರೆ ಉತ್ತರ ಸಮತೋಲವನ್ನು ದಾಟಿ ಆಚೆ ಈಚೆ ಹಾರುತ್ತದೆ, ಅದರ ಎರಡು ಪಟ್ಟು ದಾಟಿದರೆ ಸಿಡಿದೇ ಹೋಗುತ್ತದೆ. 200 ನಿಮಿಷದ ಟಾಂಕಿಗೆ 300 ನಿಮಿಷದ ಹೆಜ್ಜೆ ಹಾಕಿದ್ದೆಯಲ್ಲ, ಅದೇ ಕಾರಣ. ಸಂಶಯ ಬಂದಾಗಲೆಲ್ಲ ಹೆಜ್ಜೆಯನ್ನು ಅರ್ಧ ಮಾಡಿ ಪುನಃ ಓಡಿಸು. ಉತ್ತರ ಬದಲಾಗದಿದ್ದರೆ ನಂಬು. ರುಂಗೆ ಮತ್ತು ಕುಟ್ಟಾ ಎಂಬ ಜರ್ಮನ್ ಗಣಿತಜ್ಞರು 1900ರ ಆಸುಪಾಸಿನಲ್ಲಿ ಕಟ್ಟಿದ ವಿಧಾನದಲ್ಲಿ ಒಂದೇ ಹೆಜ್ಜೆಯೊಳಗೆ ಇಳಿಜಾರನ್ನು ನಾಲ್ಕು ಸಲ ನೋಡಿ ಸರಾಸರಿ ತೆಗೆಯುತ್ತಾರೆ. ಅದೇ ಹೆಜ್ಜೆಯಲ್ಲಿ ಎಷ್ಟೋ ಹೆಚ್ಚು ನಿಖರತೆ ಸಿಗುತ್ತದೆ.

ಹಲಸಿನ ಮರದ ಉಯ್ಯಾಲೆ ಮಾಡೆಲ್ ಮಾಡಿದೆ. ಸೂತ್ರಕ್ಕೂ ವಾಚಿಗೂ ತಾಳೆ ಆಗ್ಲಿಲ್ಲ.

ಎಷ್ಟು ಜೋರು ತೂಗಿದ್ದೆ? ಎರಡೂವರೆ ಮೀಟರ್ ಹಗ್ಗಕ್ಕೆ ಸೂತ್ರ ಕೊಡುವ ಅವಧಿ 3.17 ಸೆಕೆಂಡ್. ಅದು ಸಣ್ಣ ತೂಗಿಗೆ ಮಾತ್ರ. ಕೋನದ ಸೈನ್ ಬದಲು ಕೋನವನ್ನೇ ಹಾಕಿ ಲೆಕ್ಕ ಸುಲಭ ಮಾಡಿಕೊಂಡದ್ದರ ಬೆಲೆ. 20 ಡಿಗ್ರಿಯವರೆಗೆ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ, 60 ಡಿಗ್ರಿಗೆ ಹೋದರೆ ಶೇಕಡಾ 7 ದಾಟುತ್ತದೆ, ಅವಧಿ 3.4 ಸೆಕೆಂಡ್ ಆಗುತ್ತದೆ. ಸಿಮ್ಯುಲೇಶನ್ನಿನಲ್ಲಿ ಸೈನ್ ಅನ್ನು ಹಾಗೆಯೇ ಬಿಡು, ಕಂಪ್ಯೂಟರಿಗೆ ಕಷ್ಟವೇನಿಲ್ಲ. ಕಾಗದದ ಮೇಲಿನ ಅನುಕೂಲಕ್ಕೆ ಮಾಡಿದ್ದನ್ನು ಕೋಡಿಗೂ ಒಯ್ಯುವುದು ನಮ್ಮ ಮಕ್ಕಳ ದೊಡ್ಡ ಅಭ್ಯಾಸ. ಇನ್ನೊಂದು ಮಾತು. ಹಗ್ಗದ ಉದ್ದವನ್ನು ಹಲಗೆಯವರೆಗೆ ಅಳೆದಿರುತ್ತೀ. ಕುಳಿತವನ ಭಾರದ ನಡು ಅದಕ್ಕಿಂತ ಮೇಲೆ ಇರುತ್ತದೆ.

## ಹಿಡಿತಕ್ಕೆ ತರುವುದು

ಅಜ್ಜನ ಕಾಲದ ಡೀಸೆಲ್ ಪಂಪು ಏರಿ ಇಳಿದು, ಏರಿ ಇಳಿದು ಶಬ್ದ ಮಾಡ್ತಿತ್ತು. ಅದಕ್ಕೂ ಈ ಪಾಠಕ್ಕೂ ಸಂಬಂಧ ಉಂಟಾ?

ಈ ಪಾಠ ಹುಟ್ಟಿದ್ದೇ ಅಲ್ಲಿಂದ. ಆ ಎಂಜಿನಿನ ಒಳಗೆ ಗವರ್ನರ್ ಉಂಟು. ವೇಗ ಹೆಚ್ಚಾದರೆ ತಿರುಗುವ ತೂಕಗಳು ಹೊರಗೆ ಅಗಲಿ ಡೀಸೆಲನ್ನು ಕಡಿಮೆ ಮಾಡುತ್ತವೆ, ವೇಗ ಇಳಿದರೆ ಹೆಚ್ಚು ಮಾಡುತ್ತವೆ. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಸೇರಿಸಿದ್ದು ಇಂಥದ್ದನ್ನೇ. ಎಂಜಿನು ಒಂದೇ ವೇಗದಲ್ಲಿ ಕೂರದೆ 'ಹಂಟಿಂಗ್' ಮಾಡುವುದು ಆಗಲೂ ಇತ್ತು. ಸರಿಪಡಿಸಲು ಹಾಕಿದ ಸಾಧನವೇ ತೂಗಾಡಿಸುತ್ತದೆ ಎಂಬುದು ವಿಚಿತ್ರ. ಯಾವಾಗ ತೂಗಾಟ ತಣ್ಣಗಾಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣ ಹಿಡಿದು ಬರೆದ. ವಿದ್ಯುತ್ಕಾಂತೀಯ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್.

ಟಾಂಕಿ ತುಂಬುವಾಗ ಪಂಪಿನ ಸ್ವಿಚ್ಚು ಟಕಟಕ ಅಂತ ಬಿದ್ದು ಎದ್ದು ಮಾಡ್ತದೆ. ಪ್ರೋಗ್ರಾಂ ಬರೆದದ್ದು ನಾನೇ.

'80 ಸೆಂಟಿಮೀಟರಿಗಿಂತ ಕೆಳಗಾದರೆ ಆನ್, ಮೇಲಾದರೆ ಆಫ್' ಎಂದು ಒಂದೇ ಗೆರೆ ಬರೆದಿರುತ್ತೀ. ನೀರಿನ ಮೇಲ್ಮೈ ಅಲುಗುತ್ತದೆ, ಸೆನ್ಸರ್ ನಡುಗುತ್ತದೆ, ಗೆರೆಯ ಮೇಲೆ ಕೆಳಗೆ ನೂರು ಸಲ ದಾಟುತ್ತದೆ. ಪ್ರತಿ ಸಲ ಶುರುವಾಗುವಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ವೈಂಡಿಂಗ್ ಸುಟ್ಟರೆ ರಿಪೇರಿಯ ಬಿಲ್ಲು ಅಪ್ಪನಿಗೆ. 40ಕ್ಕೆ ಆನ್, 120ಕ್ಕೆ ಆಫ್ ಎಂದು ಎರಡು ಗೆರೆ ಹಾಕು. ನಡುವೆ ಇರುವಾಗ ಹಿಂದೆ ಹೇಗಿತ್ತೋ ಹಾಗೆಯೇ ಇರಲಿ. ಫ್ರಿಜ್ಜಿನ ಥರ್ಮೋಸ್ಟಾಟ್ ಮಾಡುವುದೂ ಇದನ್ನೇ.

ಪಿಐಡಿ ಅಂತ ಎಲ್ಲ ಕಡೆ ಹೇಳ್ತಾರೆ. ಮೂರು ಅಕ್ಷರ ಯಾಕೆ, ಒಂದೇ ಸಾಕಾಗುದಿಲ್ವಾ?

ಗುರಿಗೆ ಎಷ್ಟು ಕೊರತೆ ಎಂದು ನೋಡಿ ಯಂತ್ರವನ್ನು ತಿದ್ದುವ ವಿಧಾನ ಪಿಐಡಿ: ಪ್ರೊಪೋರ್ಶನಲ್ (ಅನುಪಾತ), ಇಂಟಿಗ್ರಲ್ (ಕೂಡಿಕೆ), ಡೆರಿವೇಟಿವ್ (ಬದಲಾಗುವ ದರ). ಮಳೆಗಾಲದಲ್ಲಿ ಕೊಬ್ಬರಿ ಒಣಗಿಸುವ ಡ್ರೈಯರನ್ನು 60 ಡಿಗ್ರಿಯಲ್ಲಿ ನಿಲ್ಲಿಸಬೇಕು ಎಂದಿಟ್ಟುಕೊಳ್ಳಿ. ಬರೇ 'ಪಿ' ಹಾಕಿದರೆ ಕೊರತೆ ಎಷ್ಟೋ ಅಷ್ಟು ಹೀಟರ್. 60 ಮುಟ್ಟಿದರೆ ಕೊರತೆ ಸೊನ್ನೆ, ಹೀಟರೂ ಸೊನ್ನೆ. ಆದರೆ ಡ್ರೈಯರಿನ ಗೋಡೆಯಿಂದ ಶಾಖ ಸೋರುತ್ತಲೇ ಇರುತ್ತದಲ್ಲ? ಆದ್ದರಿಂದ ಅದು 54ಕ್ಕೋ 55ಕ್ಕೋ ನಿಂತುಬಿಡುತ್ತದೆ, ಆ ಕೊರತೆಯೇ ಹೀಟರನ್ನು ಉರಿಸುತ್ತಿರುತ್ತದೆ. 'ಐ' ಎಂಬುದು ಹಳೆ ಬಾಕಿಯ ಪುಸ್ತಕ. ಐದು ಡಿಗ್ರಿ ಕೊರತೆ ನಿಮಿಷ ನಿಮಿಷಕ್ಕೂ ಕೂಡುತ್ತಾ ಬಂದು ಹೀಟರನ್ನು ಮೇಲೆ ತಳ್ಳುತ್ತದೆ, ಬಾಕಿ ಏರುವುದು ನಿಲ್ಲುವವರೆಗೆ ಬಿಡುವುದಿಲ್ಲ. 'ಡಿ' ಏರುವ ವೇಗ ನೋಡಿ ಮುಂಚೆಯೇ ಬ್ರೇಕು ಹಿಡಿಯುತ್ತದೆ. ಸೆನ್ಸರ್ ನಡುಗುತ್ತಿದ್ದರೆ ಆ ನಡುಕವನ್ನೂ ದೊಡ್ಡದು ಮಾಡುತ್ತದೆ. ಹಾಗಾಗಿ ಎಷ್ಟೋ ಕಡೆ 'ಡಿ' ಹಾಕುವುದೇ ಇಲ್ಲ.

ಎಲ್ಲರೂ ಬೀಳುವ ಒಂದು ಗುಂಡಿಯನ್ನು ತೋರಿಸಿಯೇ ಬಿಡುತ್ತೇನೆ. ಕಾಯಿ ತುಂಬಲು ಡ್ರೈಯರಿನ ಬಾಗಿಲು ಅರ್ಧ ಗಂಟೆ ತೆರೆದಿಟ್ಟರೆ ಹೀಟರ್ ಪೂರ್ತಿ ಉರಿದರೂ ಕೊರತೆ ಹಾಗೆಯೇ ಉಳಿಯುತ್ತದೆ. 'ಐ' ಮಾತ್ರ ಬಾಕಿ ಬರೆಯುತ್ತಲೇ ಇರುತ್ತದೆ. ಬಾಗಿಲು ಮುಚ್ಚಿದ ಮೇಲೆ 60 ದಾಟಿದರೂ ಹಳೆ ಸಾಲ ತೀರುವವರೆಗೆ ಹೀಟರ್ ಆರುವುದಿಲ್ಲ, ಕೊಬ್ಬರಿ ಕರಟುತ್ತದೆ. ಇದಕ್ಕೆ ವೈಂಡ್‌ಅಪ್ ಎನ್ನುತ್ತಾರೆ. ಹೀಟರ್ ಪೂರ್ತಿ ಆದಾಗ ಬಾಕಿ ಬರೆಯುವುದನ್ನು ನಿಲ್ಲಿಸು ಎಂಬ ಒಂದು ಸಾಲು ಸೇರಿಸಿದರೆ ಸಾಕು. ಪರೀಕ್ಷೆಗೆ ಬರುವುದು ಅಪರೂಪ, ಕೆಲಸಕ್ಕೆ ಸೇರಿದ ಮೊದಲ ವಾರ ಎದುರಾಗುತ್ತದೆ.

ಟ್ಯೂನ್ ಮಾಡ್ಲಿಕ್ಕೆ ಸೂತ್ರ ಉಂಟಲ್ಲ, ಅದನ್ನೇ ಹಾಕಿದ್ರೆ ಆಗುದಿಲ್ವಾ?

'ಪಿ', 'ಐ', 'ಡಿ' ಎಷ್ಟೆಷ್ಟು ಇಡಬೇಕು ಎಂದು ಹೇಳುವ 1942ರ ಜೀಗ್ಲರ್–ನಿಕೋಲ್ಸ್ ಸೂತ್ರ ಅದು. 'ಐ', 'ಡಿ' ತೆಗೆದು 'ಪಿ'ಯನ್ನು ಏರಿಸುತ್ತಾ ಹೋಗಿ, ವ್ಯವಸ್ಥೆ ಒಂದೇ ಸಮನೆ ತೂಗಾಡುವಲ್ಲಿ ನಿಲ್ಲಿಸುವುದು. ಆ 'ಪಿ'ಯ 0.6 ಪಾಲು, ತೂಗಿನ ಅವಧಿಯ ಅರ್ಧ 'ಐ' ಸಮಯ, ಎಂಟನೇ ಒಂದು ಪಾಲು 'ಡಿ' ಸಮಯ. ಶುರುವಿಗೆ ಒಳ್ಳೆಯದು. ಆದರೆ ಅದು ಕೊಡುವ ಟ್ಯೂನಿಂಗ್ ತುಸು ಒರಟು, ಗುರಿಯನ್ನು ಚೆನ್ನಾಗಿಯೇ ದಾಟಿ ಹಿಂದೆ ಬರುತ್ತದೆ. ಸಿಮ್ಯುಲೇಶನ್ನಿನಲ್ಲಿ ಆಡಿ ನೋಡಿ. ನಿಜವಾದ ಯಂತ್ರವನ್ನು ತೂಗಾಡುವ ಅಂಚಿಗೆ ಒಯ್ಯುವ ಮೊದಲು ಅದರ ಯಜಮಾನರನ್ನು ಕೇಳಿ.

ವಿಳಂಬ ಇದ್ರೆ ಕಂಟ್ರೋಲ್ ಕೆಡ್ತದೆ ಅಂತಾರೆ. ಸ್ವಲ್ಪ ತಡವಾದ್ರೆ ಎಂತಾಯ್ತು?

ವೆನಿಲ್ಲಾ ನೆನಪುಂಟಾ? ನಿಮ್ಮ ಅಪ್ಪನವರನ್ನು ಕೇಳಿ. 2000ದಲ್ಲಿ ಮಡಗಾಸ್ಕರಿನ ಬೆಳೆಗೆ ಚಂಡಮಾರುತ ಹೊಡೆಯಿತು, ಪೇಟೆಯಲ್ಲಿ ದರ ಹುಚ್ಚೆದ್ದು ಏರಿತು. ಇಲ್ಲಿ ಅಡಿಕೆ ಮರದ ಬುಡಬುಡದಲ್ಲಿ ಬಳ್ಳಿ ಬಂತು, ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವುದನ್ನು ಮನೆಮಂದಿಯೆಲ್ಲ ಕಲಿತರು. ಬಳ್ಳಿ ನೆಟ್ಟು ಹೂ ಬರಲು ಸುಮಾರು 3 ವರ್ಷ. ಎಲ್ಲರ ವೆನಿಲ್ಲಾ ಕೋಡು ಪೇಟೆಗೆ ಬರುವ ಹೊತ್ತಿಗೆ ಬೇರೆ ದೇಶದವರದ್ದೂ ಬಂದಿತ್ತು, ದರ ನೆಲಕಚ್ಚಿತು. ಮೂರು ವರ್ಷ ಹಿಂದಿನ ದರಕ್ಕೆ ಇವತ್ತು ಉತ್ತರ ಕೊಟ್ಟರೆ ಹೀಗೆ. ಕೊರತೆ ಕಂಡಾಗ ತಳ್ಳಿದ್ದು, ಕೊರತೆ ಮುಗಿದು ಹೆಚ್ಚಾದ ಮೇಲೆ ಬಂದು ಮುಟ್ಟುತ್ತದೆ. ಸರಿಪಡಿಸಲು ಹೊರಟದ್ದು ತೂಗಾಟಕ್ಕೆ ಕೈಹಾಕಿ ದೂಡಿದಂತಾಗುತ್ತದೆ. ಎಂಜಿನಿಯರಿಗೆ ಇರುವ ದಾರಿ ಎರಡು. ತಳ್ಳುವುದನ್ನು ಮೆಲ್ಲಗೆ ಮಾಡುವುದು, ಅಥವಾ ಮಾಡೆಲ್ ಇಟ್ಟುಕೊಂಡು ದಾರಿಯಲ್ಲಿರುವ ಮಾಲನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು. ಕೃಷಿಕನಿಗೆ ಆ ಎರಡನೆಯ ಲೆಕ್ಕ ಯಾರೂ ಕೊಡಲಿಲ್ಲ.

ಲಾಪ್ಲಾಸ್ ಯಾಕೆ? ಕಂಪ್ಯೂಟರಿನಲ್ಲೇ ಓಡಿಸ್ಬಹುದಲ್ಲ?

ಓಡಿಸಿದರೆ ಒಂದು ಉತ್ತರ ಸಿಗುತ್ತದೆ. ಲಾಪ್ಲಾಸ್ ರೂಪಾಂತರವು ಬದಲಾಗುವ ದರದ ಸಮೀಕರಣವನ್ನು ಸಾದಾ ಬೀಜಗಣಿತ ಮಾಡುತ್ತದೆ, ಅದರ ಛೇದ ಸೊನ್ನೆಯಾಗುವ ಬಿಂದುಗಳೇ ಪೋಲ್‌ಗಳು. ಅವು ಕಾಂಪ್ಲೆಕ್ಸ್ ಸಂಖ್ಯೆಗಳ ನಕ್ಷೆಯಲ್ಲಿ ಎಲ್ಲಿವೆ ಎಂದು ನೋಡಿದರೆ ಎಲ್ಲ ಉತ್ತರಗಳ ಗುಣ ಒಟ್ಟಿಗೆ ಕಾಣುತ್ತದೆ. ಎಡಬದಿಯಲ್ಲಿದ್ದರೆ ತಣ್ಣಗಾಗುತ್ತದೆ, ಬಲಬದಿಯಲ್ಲಿದ್ದರೆ ಬೆಳೆಯುತ್ತದೆ, ನಡುಗೆರೆಯಿಂದ ದೂರ ಹೋದಷ್ಟೂ ಬೇಗ. ಒಂದೊಂದು ತಾಳಮದ್ದಳೆ ಕೇಳುವುದಕ್ಕೂ ರಾಗ ತಾಳ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಎನ್ನಿ. ಲೀನಿಯರ್ ಆಗಿರುವಲ್ಲಿ, ಅಂದರೆ ಕಾರಣ ಎರಡು ಪಟ್ಟಾದರೆ ಪರಿಣಾಮವೂ ಎರಡು ಪಟ್ಟಾಗುವಲ್ಲಿ ಮಾತ್ರ ಈ ಸೌಕರ್ಯ.

## ಇನ್ನೂ ಆಳಕ್ಕೆ

ಮೋಟಾರಿನ ಮಾಡೆಲ್ ಓಡಿಸಿದ್ರೆ ಲ್ಯಾಪ್‌ಟಾಪ್ ರಾತ್ರಿಯಿಡೀ ತಿರುಗ್ತದೆ, ಮುಗಿಯುದಿಲ್ಲ.

ವೈಂಡಿಂಗಿನ ಕರೆಂಟು ಸೆಕೆಂಡಿನ ಸಾವಿರದ ಕೆಲವು ಪಾಲಿನಲ್ಲಿ ನೆಲೆಗೆ ಬರುತ್ತದೆ. ಮೋಟಾರು ಬಿಸಿಯಾಗಲು ಅರ್ಧ ಗಂಟೆ ಬೇಕು. ಎರಡನ್ನೂ ಒಂದೇ ಮಾಡೆಲಿನಲ್ಲಿ ಹಾಕಿದರೆ ಸಾಮಾನ್ಯ ವಿಧಾನವು ಕರೆಂಟಿಗೆ ಹೆದರಿ ಮಿಲಿಸೆಕೆಂಡಿನ ಹೆಜ್ಜೆ ಇಡುತ್ತದೆ. ಅರ್ಧ ಗಂಟೆಗೆ 18 ಲಕ್ಷ ಹೆಜ್ಜೆ. ಇಂಥದ್ದಕ್ಕೆ 'ಸ್ಟಿಫ್' ಎನ್ನುತ್ತಾರೆ. ಇಂಪ್ಲಿಸಿಟ್ ಜಾತಿಯ ಸಾಲ್ವರ್ (ಹೆಜ್ಜೆಯ ಕೊನೆಯ ಸ್ಥಿತಿಯನ್ನೇ ಸಮೀಕರಣದಲ್ಲಿಟ್ಟು ಬಿಡಿಸುವ, ಹಾಗಾಗಿ ದೊಡ್ಡ ಹೆಜ್ಜೆ ಇಡಬಲ್ಲ ಪ್ರೋಗ್ರಾಂ) ಹಾಕು: ಸೈಪೈಯಲ್ಲಿ ರಡೌ ಅಥವಾ ಬಿಡಿಎಫ್, ಮ್ಯಾಟ್‌ಲ್ಯಾಬಿನಲ್ಲಿ ode15s. ಅಥವಾ, ನನಗೆ ಇಷ್ಟವಾದ ದಾರಿ ಹೇಳುವುದಾದರೆ, ಬಿಸಿ ಮಾತ್ರ ಬೇಕಿದ್ದರೆ ಕರೆಂಟು ಕ್ಷಣದಲ್ಲೇ ನೆಲೆಗೊಂಡಿತು ಎಂದು ಹಿಡಿದು ಆ ಸ್ಥಿತಿಯನ್ನೇ ಕೈಬಿಡು. ಬೇಡದ ವಿವರ ಬಿಡಲು ಗೊತ್ತಿರುವುದು ಸಾಲ್ವರಿಗಿಂತ ದೊಡ್ಡ ವಿದ್ಯೆ.

ಎಕ್ಸ್‌ಕಾಸಿನ ಚೌಕಗಳಿಗಿಂತ ಓಪನ್‌ಮಾಡೆಲಿಕಾ ಒಳ್ಳೇದು ಅಂತಾರೆ. ಯಾಕೆ?

ಚೌಕದ ಚಿತ್ರದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ನೀನೇ ಮೊದಲು ತೀರ್ಮಾನಿಸಿ ಬಾಣ ಎಳೆಯಬೇಕು. ಎರಡು ಟಾಂಕಿಯನ್ನು ಪೈಪಿನಲ್ಲಿ ಜೋಡಿಸಿದರೆ ನೀರು ಯಾವ ಬದಿಗೆ ಹರಿಯುತ್ತದೆ ಎಂಬುದು ಎತ್ತರದ ಮೇಲೆ ಹೋಗುತ್ತದೆ, ಬಾಣಕ್ಕೆ ಅರ್ಥವಿಲ್ಲ. ಓಪನ್‌ಮಾಡೆಲಿಕಾ ಬಳಸುವ ಮಾಡೆಲಿಕಾ ಭಾಷೆಯಲ್ಲಿ ಸಮೀಕರಣವನ್ನು ಸಮೀಕರಣವಾಗಿಯೇ ಬರೆಯಬಹುದು, ಯಾವುದನ್ನು ಯಾವುದರಿಂದ ಬಿಡಿಸುವುದು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಪೈಪು, ಗೇರು, ಸರ್ಕಿಟ್ ಬೆರೆತ ಕೆಲಸಕ್ಕೆ ಅದು. ಕಂಟ್ರೋಲರಿನ ತರ್ಕಕ್ಕೆ ಚೌಕಗಳೇ ಚಂದ.

ಚಾಟ್‌ಬಾಟ್ ಎರಡು ನಿಮಿಷದಲ್ಲಿ ಕೋಡ್ ಬರೆದು ಕೊಡ್ತದೆ. ನಾನ್ಯಾಕೆ ಕಷ್ಟಪಡ್ಲಿ?

ಒಬ್ಬಳು ಹಾಗೆ ಬರೆಸಿ ತಂದಿದ್ದಳು. ನಮ್ಮ ಇದೇ ಟಾಂಕಿ. ಗ್ರಾಫು ಬಹಳ ಚಂದ, ಆದರೆ ನೀರು 30 ಸೆಂಟಿಮೀಟರಿಗೆ ಬರಲು ಬೇಕಾದ 11 ಗಂಟೆಯ ಬದಲು 39 ಸೆಕೆಂಡಿನಲ್ಲಿ ಬಂದಿತ್ತು. ಹರಿವು ಲೀಟರಿನಲ್ಲಿ, ಟಾಂಕಿಯ ತಳ ಚದರ ಮೀಟರಿನಲ್ಲಿ. 4000ದ ಬದಲು 4 ಬಿದ್ದಿತ್ತು, ಸಾವಿರ ಪಟ್ಟು ತಪ್ಪು. ಕೋಡು ಎಲ್ಲಿಯೂ ದೂರು ಹೇಳಲಿಲ್ಲ. ಬಕೆಟ್ ಹಿಡಿದಿದ್ದ ಹುಡುಗಿಯಾದ್ದರಿಂದ ಅವಳೇ 'ಇದು ಆಗ್ಲಿಕ್ಕಿಲ್ಲ' ಎಂದಳು. 1999ರಲ್ಲಿ ಮಂಗಳನ ಹತ್ತಿರ ನಾಸಾದ ಕ್ಲೈಮೇಟ್ ಆರ್ಬಿಟರ್ ನೌಕೆ ಹಾಳಾದದ್ದೂ ಒಂದು ಬದಿ ಪೌಂಡು, ಇನ್ನೊಂದು ಬದಿ ನ್ಯೂಟನ್ ಹಾಕಿದ್ದರಿಂದ. ಚಾಟ್‌ಬಾಟಿನಿಂದ ಬರೆಸು, ಅಡ್ಡಿಯಿಲ್ಲ. ಮೊದಲ ಸಾಲಿನ ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ ಇಟ್ಟುಕೊಂಡಿರು.

ಮಾಡೆಲ್ ಸರಿ ಉಂಟು ಅಂತ ಗೊತ್ತಾಗುದು ಹೇಗೆ?

ಮಾಡೆಲ್ ಕಟ್ಟಲು ಬಳಸದ ಅಳತೆಯೊಂದಿಗೆ ಹೋಲಿಸಿ. ನಮ್ಮ ಟಾಂಕಿಯನ್ನೇ ಹೇಳುತ್ತೇನೆ. ಬಕೆಟ್ ಲೆಕ್ಕದ ಪ್ರಕಾರ ನೀರು 25ಕ್ಕೆ ನಿಲ್ಲಬೇಕಿತ್ತು. ಮೂರು ದಿನ ಸ್ಕೇಲು ಇಳಿಸಿ ನೋಡಿದರೂ 19. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕಳ್ಳ ಕೆಲಸ: 20 ಎಂಬ ಸಂಖ್ಯೆಯನ್ನು ಸ್ವಲ್ಪ ಏರಿಸಿ ಗ್ರಾಫನ್ನು ಹೊಂದಿಸಿಬಿಟ್ಟೆ. ರಾತ್ರಿ ಸಮಾಧಾನವಾಗಲಿಲ್ಲ. ಮರುದಿನ ತೂತಿಗೆ ಬಿರಡೆ ಹಾಕಿ, ಸುರಂಗದ ನೀರನ್ನು ಬೇರೆ ಕಡೆಗೆ ತಿರುಗಿಸಿ ನೋಡಿದರೆ ನೀರು ಆಗಲೂ ಇಳಿಯುತ್ತಿತ್ತು. 19 ಸೆಂಟಿಮೀಟರಿನಲ್ಲಿ ತೂತಿನಿಂದ ಹೋಗುವುದು 8.7 ಲೀಟರ್, ಬರುವುದು 10. ಉಳಿದ 1.3 ಲೀಟರ್ ಎಲ್ಲಿ? ಮೂಲೆಯಲ್ಲಿ ಹಲಸಿನ ಬೇರು ಗೋಡೆ ಸೀಳಿ ಒಳಗೆ ಬಂದಿತ್ತು. ದಿನಕ್ಕೆ 1800 ಲೀಟರಿಗಿಂತ ಹೆಚ್ಚು ನೀರು ಹಲಸಿನ ಮರಕ್ಕೆ. ಆ ವರ್ಷ ಹಲಸು ಭರ್ಜರಿ ಬಿಟ್ಟದ್ದು ಯಾಕೆಂದು ಆಗ ಹೊಳೆಯಿತು. ಮಾಡೆಲಿಗೂ ಅಳತೆಗೂ ನಡುವಿನ ವ್ಯತ್ಯಾಸವನ್ನು ಮುಚ್ಚಬೇಡಿ, ಅದರ ಹಿಂದೆ ಹೋಗಿ.

ಸಿಮ್ಯುಲೇಶನ್ನಿನಲ್ಲಿ ಪಾಸಾದ ಮೇಲೂ ನಿಜದಲ್ಲಿ ಕೆಡ್ತದಾ?

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿ 40 ಸೆಕೆಂಡು ತುಂಬುವ ಮೊದಲೇ ನಾಶವಾಯಿತು. ದಿಕ್ಕು, ವೇಗ ಅಳೆಯುವ ಉಪಕರಣದಲ್ಲಿ ಇದ್ದದ್ದು ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶ. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು, ಆ ಸಂಖ್ಯೆ 16 ಬಿಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಹೊಸ ಹಾರಾಟದ ಪಥವನ್ನು ಆ ಉಪಕರಣಕ್ಕೆ ಉಣಿಸಿ ಪರೀಕ್ಷೆ ಮಾಡಿರಲಿಲ್ಲ. ಸಿಮ್ಯುಲೇಶನ್ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ದಿನಕ್ಕೊಂದು ಅಳತೆ ತೆಗೆದ್ರೆ ಸಾಕಲ್ಲ?

ಟಾಂಕಿಗೆ ಸಾಲಬಹುದು, ಹೊಳೆಬಾಯಿಗೆ ಸಾಲದು. ಚಂದ್ರಗಿರಿ ಕಡಲು ಸೇರುವಲ್ಲಿ ಒಂದು ಗೂಟ ನೆಟ್ಟು ದಿನವೂ ಬೆಳಗ್ಗೆ 8ಕ್ಕೆ ನೀರಿನ ಮಟ್ಟ ಬರೆಯಿರಿ. ಸುಮಾರು 15 ದಿನಕ್ಕೊಮ್ಮೆ ಏರಿ ಇಳಿಯುವ ನಿಧಾನದ ಅಲೆ ಕಾಣುತ್ತದೆ. ನಿಜವಾಗಿ ಅಲ್ಲಿ ಉಬ್ಬರ ಬರುವುದು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ನಿಮ್ಮ 8 ಗಂಟೆ ಅಲೆಯ ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ, ಇಲ್ಲದ ಅಲೆ ಹುಟ್ಟುತ್ತದೆ. ಇದೇ ಏಲಿಯಾಸಿಂಗ್. ವೇಗದ ಅಲೆಯ ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚು ಅಳತೆ ಬೇಕೇ ಬೇಕು, ಕಂಟ್ರೋಲ್ ಕೆಲಸಕ್ಕೆ ಹತ್ತಿಪ್ಪತ್ತು ಇದ್ದರೆ ಒಳ್ಳೆಯದು.

ಇದನ್ನು ಕಲಿತ್ರೆ ಮಗಳಿಗೆ ಕೆಲಸ ಸಿಗ್ತದಾ ಮಾಷ್ಟ್ರೇ?

ವಾಹನ, ವಿಮಾನ, ವಿದ್ಯುತ್ತು, ರೊಬಾಟು, ಎಲ್ಲ ಕಡೆ ಈ ಕೆಲಸ ಉಂಟು. ಹೆಚ್ಚಿನದ್ದು ಬೆಂಗಳೂರಿನಲ್ಲಿ, ಪುಣೆ, ಚೆನ್ನೈಯಲ್ಲಿ. ಸರ್ಟಿಫಿಕೇಟಿಗಿಂತ, ಒಂದು ನಿಜವಾದ ವಸ್ತುವನ್ನು ಅಳೆದು ಮಾಡೆಲ್ ಮಾಡಿ ಎಲ್ಲಿ ತಪ್ಪಿತು ಎಂದು ಹೇಳಬಲ್ಲವಳನ್ನು ಇಂಟರ್‌ವ್ಯೂ ಮಾಡುವವರು ಬೇಗ ಗುರುತಿಸುತ್ತಾರೆ.

ಕಲ್ಮನ್ ಫಿಲ್ಟರ್ ಅಂದ್ರೆ ಬರೇ ಸರಾಸರಿ ತೆಗೆಯುದಾ?

ಸರಾಸರಿ ತೆಗೆಯುವುದೇ, ಆದರೆ ಮಾಡೆಲಿನ ಮಾತಿಗೂ ಸೆನ್ಸರಿನ ಮಾತಿಗೂ. ಯಾರ ಮೇಲೆ ಎಷ್ಟು ನಂಬಿಕೆ ಎಂಬುದನ್ನು ಪ್ರತಿ ಹೆಜ್ಜೆಯಲ್ಲಿ ಲೆಕ್ಕ ಹಾಕಿ ತೆಗೆಯುವ ಸರಾಸರಿ. 1960ರಲ್ಲಿ ರುಡಾಲ್ಫ್ ಕಲ್ಮನ್ ಬರೆದದ್ದು, ಅಪೊಲೊ ನೌಕೆಗಳಿಗೆ ಚಂದ್ರನ ದಾರಿ ಹುಡುಕಲು ಬಳಸಿದರು. ಅದರ ದೊಡ್ಡ ಗುಣವೆಂದರೆ ಅಳೆಯಲು ಆಗದ್ದನ್ನೂ ಅಂದಾಜು ಮಾಡಿ ಕೊಡುವುದು.

ಸುರಂಗದ ಒಳಗೆ ಮೀಟರ್ ಇಡಲು ಆಗುವುದಿಲ್ಲ. ದಿನಾ ಬಕೆಟ್ ಹಿಡಿಯಲು ನನಗೂ ವಯಸ್ಸಾಯಿತು. ಟಾಂಕಿಯ ಮೇಲೆ ಅಲ್ಟ್ರಾಸೋನಿಕ್ ಸೆನ್ಸರ್ ಕಟ್ಟಿ, ಗೋಡೆ ರಿಪೇರಿ ಮಾಡಿಸಿ, ಮಾಡೆಲಿನಲ್ಲಿ ಎರಡನೆಯ ಸ್ಥಿತಿಯೊಂದನ್ನು ಸೇರಿಸಿದೆವು: ಸುರಂಗದ ಹರಿವು, ಬಹಳ ನಿಧಾನಕ್ಕೆ ಬದಲಾಗುವಂಥದ್ದು ಎಂದು. ಸೆನ್ಸರಿನ ಸಂಖ್ಯೆ ಒಂದೆರಡು ಸೆಂಟಿಮೀಟರ್ ಆಚೀಚೆ ಕುಣಿಯುತ್ತದೆ, ಆದರೆ ಫಿಲ್ಟರಿನಿಂದ ಬರುವ ಹರಿವಿನ ಗೆರೆ ನುಣ್ಣಗೆ. ಫೆಬ್ರವರಿ ಪೂರ್ತಿ ನೇರ ಇದ್ದ ಗೆರೆ ಮಾರ್ಚಿನ ನಡುವಿನಲ್ಲಿ ಕೆಳಗೆ ಬಾಗಲು ಶುರುಮಾಡಿತು. ಟಾಂಕಿಯನ್ನು ಕಣ್ಣಿನಲ್ಲಿ ನೋಡಿದರೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆ ವಾರದಿಂದ ಬಾಳೆಗೆ ನೀರು ಬಿಡುವುದನ್ನು ದಿನ ಬಿಟ್ಟು ದಿನ ಮಾಡಿದೆವು.